ಹನ್ನೊಂದು ಕಿಲೋಮೀಟರ್ ಈಚೆ

ಸರ್ವೇಯರನ ಹೆಂಡತಿ ಇಪ್ಪತ್ತಾರು ವರ್ಷ ಬಸ್ ಡಿಪೋದ ಟಿಕೆಟ್ ಕಿಟಕಿಯ ಹಿಂದೆ ಕೂತು ದುಡಿದವಳು. ಕಿಟಕಿಗೆ ಎದುರಾಗಿ ಆರು ಬಸ್ಸುಗಳು ಸಾಲಾಗಿ ನಿಲ್ಲುತ್ತಿದ್ದವು. ಡ್ರೈವರುಗಳು ಟೀ ಕುಡಿದು ಬಾಯಿ ಒರೆಸಿಕೊಂಡು ಬರುವವರೆಗೂ ಎಂಜಿನ್ ಆರಿಸುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಮುಖ ತೊಳೆದರೆ ಟವೆಲ್ಲಿನ ಮೇಲೆಲ್ಲ ಕಪ್ಪು. ಐವತ್ತು ದಾಟಿದ ಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಆಮೇಲೆ ಮೆಟ್ಟಿಲಿಲ್ಲದ ಕಡೆಯೂ ಬಂತು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಸಿಗರೇಟ್ ಸೇದ್ತಿದ್ರಾ ಅಮ್ಮ?" ಎಂದು ಕೇಳಿದರು.

"ನಾನಲ್ಲ ಡಾಕ್ಟ್ರೇ, ಬಸ್ಸುಗಳು ಸೇದ್ತಿದ್ವು. ಹೊಗೆ ಮಾತ್ರ ನನ್ನ ಮುಖಕ್ಕೆ ಬಿಡ್ತಿದ್ವು" ಎಂದಳು ಅವಳು. ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಕೆಲಸ ಬಿಟ್ಟಳು. ಮಲಗುವ ಕೋಣೆಗೆ ಆಕ್ಸಿಜನ್ ಮೆಷಿನ್ ಬಂತು. ಸಣ್ಣ ಸೂಟ್‌ಕೇಸಿನಷ್ಟು ಎತ್ತರದ್ದು, ಚಕ್ರಗಳಿದ್ದವು, ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಗುಂಯ್ ಎಂದು ಸದ್ದು ಮಾಡುತ್ತ ತೆಳುವಾದ ಕೊಳವೆಯಲ್ಲಿ ಅವಳ ಮೂಗಿಗೆ ಉಸಿರು ಕಳಿಸುತ್ತಿತ್ತು. ಅವಳು ಅದಕ್ಕೆ 'ನಾದಿನಿ' ಎಂದು ಹೆಸರಿಟ್ಟಳು. "ಒಂದೇ ಸಮ ಗೊಣಗುತ್ತೆ, ಆದ್ರೆ ಇಲ್ದೇ ಇದ್ರೆ ಸಂಸಾರ ನಡೆಯಲ್ಲ" ಎನ್ನುವಳು.

ಒಂದು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು: "ಗುಬ್ಬೀನ ಒಂದ್ಸಲ ನೋಡಿ ಬರಬೇಕು ರೀ."

ಸರ್ವೇಯರ್ ಗಡ್ಡ ಹೆರೆಯುತ್ತಿದ್ದ. ರೇಜರ್ ಹಿಡಿದ ಕೈ ಕೆನ್ನೆಯ ಮೇಲೆಯೇ ನಿಂತಿತು. ಆ ಹೆಸರು ಮೂವತ್ತೊಂದು ವರ್ಷಗಳಿಂದ ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

ಗುಬ್ಬಿ ಅವರ ಮಗಳು. ಆಗ ಅವನಿಗೆ ಇಪ್ಪತ್ತೇಳು, ಅವಳಿಗೆ ಇಪ್ಪತ್ತಮೂರು. ಬೆಟ್ಟಗಳ ಮೇಲಿನ ಬೋಳು ಬಯಲನ್ನು ಅಳೆಯುವ ಕೆಲಸಕ್ಕೆ ಇಲಾಖೆ ಅವನನ್ನು ಕಳಿಸಿತ್ತು. ತಗಡಿನ ಎರಡು ಕೋಣೆ, ಒಂದು ಒಲೆ, ಹತ್ತಾರು ಕೂಲಿಯಾಳುಗಳ ಡೇರೆ. ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಅವಳೂ ಅಲ್ಲಿಗೆ ಹೋದಳು. ಕೂಸು ಬೆಳಿಗ್ಗೆ ಎದ್ದರೆ ಚಿಲಿಪಿಲಿ ನಿಲ್ಲಿಸುತ್ತಿರಲಿಲ್ಲವಾದ್ದರಿಂದ ಗುಬ್ಬಿ ಎಂದೇ ಕರೆದರು. ಒಳ್ಳೆಯ ಹೆಸರು ನಿಧಾನವಾಗಿ ಹುಡುಕೋಣ ಎಂದುಕೊಂಡಿದ್ದರು. ಏಳನೆಯ ತಿಂಗಳಲ್ಲಿ ಜ್ವರ ಬಂತು. ಹಿಮ ಬಿದ್ದು ದಾರಿ ಮುಚ್ಚಿತ್ತು. ದಾರಿ ತೆರೆಯುವುದರೊಳಗೆ, ಮೂರನೆಯ ದಿನ, ಎಲ್ಲ ಮುಗಿದುಹೋಯಿತು. ಕ್ಯಾಂಪಿನ ಹಿಂದೆ ಗಾಳಿಗೆ ಮರೆಯಾಗಿದ್ದ ಒಂದು ತಿಟ್ಟಿನಲ್ಲಿ ಹೂತರು. ಸರ್ವೇಯರ್ ತನ್ನ ಕೈಯಾರೆ ಕಲ್ಲು ಜೋಡಿಸಿದ. ಮುಂದೆ ಮಕ್ಕಳಾಗಲಿಲ್ಲ.

ಅಲ್ಲಿಗೆ ಮತ್ತೆ ಹೋಗಲಿಲ್ಲ. ಅವಳು ತಾನಾಗಿ ಕೇಳಲಿ, ಗಾಯ ಕೆದಕುವುದು ಬೇಡ ಎಂದು ಅವನು ಕಾದ. ಇವರು ಮರೆತಿದ್ದಾರೆ, ನೆನಪಿಸುವುದು ಬೇಡ ಎಂದು ಅವಳು ಕಾದಳು. ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ತಲೆ ನೆರೆಯಿತು. ಹನ್ನೆರಡು ವರ್ಷದಿಂದ ಮನೆಯ ಮುಂದೆ ಇಲಾಖೆಯ ಹರಾಜಿನಲ್ಲಿ ಕೊಂಡ ಡೀಸೆಲ್ ಜೀಪು ನಿಂತಿತ್ತು. ಅದು ಆ ದಾರಿಯನ್ನು ಕಣ್ಣು ಮುಚ್ಚಿಕೊಂಡು ಹತ್ತಬಲ್ಲದಾಗಿತ್ತು. ಈಗ ಅವಳು ಬಾಯಿಬಿಟ್ಟು ಕೇಳುವ ಹೊತ್ತಿಗೆ ಆ ಜೀಪಿನ ಬಾಗಿಲು ತೆರೆದರೂ ಸಾಕು, ಸೀಟಿನಲ್ಲಿ ಇಂಗಿದ ಡೀಸೆಲ್ ವಾಸನೆಗೆ ಅವಳಿಗೆ ಕೆಮ್ಮು ಹತ್ತಿ ಕಣ್ಣು ಮೇಲಾಗುತ್ತಿತ್ತು.

ಅದಕ್ಕೇ ಅವನು ಹೊಸ ಗಾಡಿ ಹುಡುಕಿದ್ದು.

ಷೋರೂಮಿನ ಸೇಲ್ಸ್‌ಮನ್ ಬಹಳ ಚುರುಕಾಗಿದ್ದ. ಬೆಟ್ಟಗುಡ್ಡಕ್ಕೆಂದೇ ಮಾಡಿದ ಕರೆಂಟ್ ಗಾಡಿ, ನಾಲ್ಕೂ ಚಕ್ರಕ್ಕೆ ಮೋಟಾರಿನ ಬಲ. ಬ್ಯಾಟರಿ ಮುಗಿದರೆ ಮೂತಿಯೊಳಗಿನ ಸಣ್ಣ ಪೆಟ್ರೋಲ್ ಎಂಜಿನ್ ತಾನೇ ಎದ್ದು ಕರೆಂಟ್ ತಯಾರಿಸುತ್ತದೆ, ಹಾಗಾಗಿ ನಡುದಾರಿಯಲ್ಲಿ ನಿಲ್ಲುವ ಭಯವೇ ಇಲ್ಲ ಎಂದು ವಿವರಿಸಿದ. ಹಿಂದಿನ ಬಾಗಿಲು ತೆರೆದು, ಅಲ್ಲಿದ್ದ ಸಾಕೆಟ್ಟಿಗೆ ಕೆಟಲ್ ಸಿಕ್ಕಿಸಿ, ನೀರು ಕುದಿಸಿ, ಟೀ ಮಾಡಿ ಸರ್ವೇಯರನ ಕೈಗೆ ಕೊಟ್ಟ. "ಇಡೀ ಮನೆ ನಡೆಸಬಹುದು ಸಾರ್ ಇದರಲ್ಲಿ." ಸರ್ವೇಯರ್ ಟೀ ಕುಡಿಯುತ್ತ ಆ ಸಾಕೆಟ್ಟನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಕೆಟಲ್ ಕಾಣಲಿಲ್ಲ, ನಾದಿನಿ ಕಂಡಿತು.

ಜೀಪನ್ನು ಹಾಲಿನ ಡೇರಿಯವರಿಗೆ ಮಾರಿ ಹೊಸ ಗಾಡಿ ತಂದ.

ಹೆಂಡತಿಯ ತಮ್ಮನಿಗೆ ಬಸ್ಸು ಲಾರಿ ರಿಪೇರಿಯ ಗ್ಯಾರೇಜಿತ್ತು. ಭಾವನ ಮೇಲೆ ಜೀವ. ಭಾವನನ್ನು ಆಡಿಕೊಳ್ಳುವುದೆಂದರೂ ಅಷ್ಟೇ ಜೀವ. ಗಾಡಿಯ ಸುತ್ತ ಒಂದು ಸುತ್ತು ಬಂದ. ಅಂಗಾತ ಮಲಗಿ ಅಡಿಗೆ ತೂರಿ ಬಹಳ ಹೊತ್ತು ಹೊರಗೆ ಬರಲಿಲ್ಲ.

"ಹೊಟ್ಟೆ ತುಂಬ ಬ್ಯಾಟರಿ, ಮೂತಿ ತುಂಬ ಎಂಜಿನ್" ಎಂದ ಒಳಗಿನಿಂದಲೇ. "ಎರಡೆರಡು ಸಂಸಾರ ಇಟ್ಕೊಂಡಿದೆ ಭಾವ ಇದು. ಒಂದು ಮನೇಲಿ ಮುನಿಸಾದ್ರೂ ಗಾಡಿ ಬೀದೀಲಿ ನಿಲ್ಲುತ್ತೆ. ತೂಕ ಎಷ್ಟು?"

"ಎರಡು ಮುಕ್ಕಾಲು ಟನ್."

"ಅಬ್ಬಾ! ಕೆಸರಲ್ಲಿ ಕೂತ್ರೆ ನನ್ನ ಕರೀಬೇಡಿ, ನನ್ನ ವ್ಯಾನಿಗೆ ಎಳೆಯೋಕಾಗಲ್ಲ. ಸ್ಟೆಪ್ನಿ ಎಲ್ಲಿ?"

"ಇಡೋಕೆ ಜಾಗ ಇಲ್ವಂತೆ. ಪಂಚರ್ ಆದ್ರೆ ತುಂಬೋಕೆ ಅಂಟಿನ ಡಬ್ಬಿ ಕೊಟ್ಟಿದ್ದಾರೆ."

"ಕಲ್ಲು ಸೀಳಿದ ಟೈರಿಗೆ ಅಂಟಾ!" ಬಾಮೈದ ಹೊರಗೆ ಬಂದು ಎದ್ದು ನಿಂತ. ಮುಖದಲ್ಲಿ ನಗೆ ಇರಲಿಲ್ಲ. "ಭಾವ, ಒಂದು ಮಾತು. ಈ ಎಂಜಿನ್ ಚಕ್ರಕ್ಕೆ ತಗುಲಿಕೊಂಡಿಲ್ಲ. ಬರೀ ಕರೆಂಟ್ ಮಾಡುತ್ತೆ. ಬ್ಯಾಟರೀಲಿ ಉಳಿತಾಯ ಇರೋತನಕ ಗಾಡಿ ರಾಜ. ಉಳಿತಾಯ ಮುಗೀತೋ, ಆ ಪುಟಾಣಿ ಎಂಜಿನ್ ದುಡಿದಷ್ಟೇ ಊಟ. ಇಷ್ಟು ತೂಕ ಹೊತ್ಕೊಂಡು ಬೆಟ್ಟ ಹತ್ತುವಾಗ ಆ ಊಟ ಸಾಲುತ್ತಾ?"

"ಕಂಪನಿಯವರು ಯೋಚನೆ ಮಾಡದೇ ಮಾಡಿರ್ತಾರಾ?" ಸರ್ವೇಯರನಿಗೆ ಸಿಟ್ಟು ಬಂದಿತ್ತು. "ನಿಮ್ಮಕ್ಕನಿಗೆ ವಾಸನೆ ಇಲ್ಲದ ಗಾಡಿ ಬೇಕು, ಮೆಷಿನಿಗೆ ಕರೆಂಟ್ ಬೇಕು. ಇನ್ನೊಂದು ಗಾಡಿ ತೋರಿಸು, ಇದನ್ನ ಈಗಲೇ ವಾಪಸ್ ಕೊಡ್ತೀನಿ."

ಬಾಮೈದನ ಹತ್ತಿರ ಇನ್ನೊಂದು ಗಾಡಿ ಇರಲಿಲ್ಲ. ಅವನು ಅಂಟಿನ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಸುಮ್ಮನೆ ಅದರ ಜಾಗದಲ್ಲಿಟ್ಟ.

ಬೇಸಿಗೆಯ ಕೊನೆಯಲ್ಲಿ ಹೊರಟರು. ಮೊದಲ ದಿನದ ಪ್ರಯಾಣ ಬಯಲು ದಾರಿ. ನಾದಿನಿಯನ್ನು ಹಿಂದಿನ ಸೀಟಿನ ಮೇಲೆ ಹಗ್ಗದಿಂದ ಬಿಗಿದು, ಕೊಳವೆಯನ್ನು ಮುಂದಕ್ಕೆ ತಂದಿದ್ದರು. ಗಾಡಿ ಸದ್ದಿಲ್ಲದೆ ಸಾಗುತ್ತಿತ್ತು. ಅವಳು ಗಾಜನ್ನು ಎರಡು ಬೆರಳಷ್ಟು ಇಳಿಸಿ, ಹೊರಗಿನ ಗಾಳಿಯನ್ನು ಮುಖಕ್ಕೆ ತಾಗಿಸಿಕೊಂಡು, "ಡಿಪೋದ ಬಸ್ಸುಗಳೆಲ್ಲ ಹೀಗೇ ಇದ್ದಿದ್ರೆ ನಾನು ನೂರು ವರ್ಷ ಟಿಕೆಟ್ ಹರೀತಿದ್ದೆ" ಎಂದಳು. ಸರ್ವೇಯರನಿಗೆ ಬಾಮೈದನ ಮೇಲೆ ಗೆದ್ದಷ್ಟು ಖುಷಿಯಾಯಿತು.

ಬೆಟ್ಟದ ಬುಡದ ಊರಿನಲ್ಲಿ ಒಂದೇ ಒಂದು ಚಾರ್ಜಿಂಗ್ ಕಂಬವಿತ್ತು. ಅದರ ಪರದೆಯ ಮೇಲೆ ಯಾರೋ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಕೆಟ್ಟು ಎರಡು ತಿಂಗಳಾಗಿತ್ತು. ಇಳಿದುಕೊಂಡ ಲಾಡ್ಜಿನ ಯಜಮಾನ ಅಡುಗೆಮನೆಯ ಕಿಟಕಿಯಿಂದ ಒಂದು ವೈರು ಎಳೆದು ಕೊಟ್ಟ. ಮನೆಯ ಸಾಕೆಟ್ಟಿನಿಂದ ಆನೆಯ ಹೊಟ್ಟೆ ತುಂಬುವುದು ಹೇಗೆ? ಬೆಳಿಗ್ಗೆ ನೋಡಿದರೆ ಬ್ಯಾಟರಿ ನೂರರಲ್ಲಿ ಅರವತ್ತನಾಲ್ಕಕ್ಕೆ ನಿಂತಿತ್ತು. ಮೇಲಿನ ಬಯಲಿಗೆ ಎಪ್ಪತ್ತನಾಲ್ಕು ಕಿಲೋಮೀಟರ್. ಟ್ಯಾಂಕಿನಲ್ಲಿ ಪೆಟ್ರೋಲ್ ಪೂರ್ತಿ ಇತ್ತು. ಪರವಾಗಿಲ್ಲ, ಆದಷ್ಟು ದೂರ ಬ್ಯಾಟರಿಯಲ್ಲೇ ಹೋಗೋಣ, ಇವಳಿಗೆ ವಾಸನೆ ಬಡಿಯುವುದು ಬೇಡ, ಕೊನೆಗೆ ಬೇಕಾದರೆ ಎಂಜಿನ್ ಇದ್ದೇ ಇದೆ ಎಂದು ಸರ್ವೇಯರ್ ಲೆಕ್ಕ ಹಾಕಿದ. ಜೀವನವಿಡೀ ಅಳತೆಯ ಕೆಲಸ ಮಾಡಿದವನು. ಅವನ ಲೆಕ್ಕ ತಪ್ಪುವುದು ಅಪರೂಪ.

ಮೂವತ್ತನೆಯ ಕಿಲೋಮೀಟರಿನಲ್ಲಿ ನದಿ. ಹಳೆಯ ಸೇತುವೆ ಕುಸಿದು, ಪಕ್ಕದಲ್ಲಿ ಕಬ್ಬಿಣದ ತಾತ್ಕಾಲಿಕ ಸೇತುವೆ ಹಾಕಿದ್ದರು. ಎರಡೂವರೆ ಟನ್ನಿಗಿಂತ ಹೆಚ್ಚಿನ ತೂಕ ಬಿಡುವುದಿಲ್ಲ ಎಂದು ಬೋರ್ಡಿತ್ತು. ರಸ್ತೆ ಕೆಲಸದ ಮೇಸ್ತ್ರಿ ಎದ್ದು ಬಂದು ಗಾಡಿಯ ಎತ್ತರ ಅಗಲ ನೋಡಿದ.

"ಎಷ್ಟಾಗುತ್ತೆ ಸಾರ್ ತೂಕ?"

ಸುಳ್ಳು ಹೇಳಬಹುದಿತ್ತು. ಸರ್ವೇಯರನ ನಾಲಿಗೆಗೆ ಅಂಕಿಯ ವಿಷಯದಲ್ಲಿ ಸುಳ್ಳು ಹೊರಳುತ್ತಿರಲಿಲ್ಲ. "ಎರಡು ಮುಕ್ಕಾಲು. ನಾವಿಬ್ಬರು, ಸಾಮಾನು ಸೇರಿದ್ರೆ ಮೂರರ ಹತ್ತಿರ."

ಮೇಸ್ತ್ರಿ ತಲೆ ಕೆರೆದುಕೊಂಡ. "ನೋಡೋಕೆ ಜೀಪಿನಷ್ಟೇ ಇದೆಯಲ್ಲ! ಬರೀ ಜೀಪಾಗಿದ್ರೆ ಕಣ್ಮುಚ್ಚಿ ಬಿಡ್ತಿದ್ದೆ. ಇದನ್ನ ಬಿಟ್ಟು ಕೆಳಗೆ ಹೋಯ್ತು ಅಂದ್ರೆ ನಿಮಗೆ ನದಿ, ನನಗೆ ಜೈಲು. ಮೇಲ್ಗಡೆ ಸುತ್ತು ದಾರಿ ಇದೆ, ನೀರು ಕಮ್ಮಿ ಇರೋ ಕಡೆ ದಾಟಬಹುದು. ಇಪ್ಪತ್ತೆರಡು ಕಿಲೋಮೀಟರ್ ಜಾಸ್ತಿ ಆಗುತ್ತೆ ಅಷ್ಟೇ."

ಅಷ್ಟೇ ಎಂದ ಆ ಇಪ್ಪತ್ತೆರಡು ಕಿಲೋಮೀಟರ್ ಬರೀ ಏರು, ಬರೀ ಜಲ್ಲಿ. ಚಳಿ ಹೆಚ್ಚಿತು. ಅವಳ ತುಟಿ ನೀಲಿಯಾಗುವುದು ಬೇಡವೆಂದು ಒಳಗೆ ಹೀಟರ್ ಹಾಕಲೇಬೇಕಾಯಿತು. ಹೀಟರೂ ಬ್ಯಾಟರಿಯನ್ನೇ ತಿನ್ನುತ್ತಿತ್ತು. ಮುಂದಿನ ಪರದೆಯ ಮೇಲೆ ಅಂಕಿಗಳು ಬಾವಿಗೆ ಬಿಟ್ಟ ಹಗ್ಗದಂತೆ ಇಳಿಯುತ್ತಿದ್ದವು. ಅವಳು ಪರದೆ ನೋಡಲಿಲ್ಲ. ಹೊರಗಿನ ಗುಡ್ಡಗಳನ್ನು ಗುರುತು ಹಿಡಿಯುತ್ತಿದ್ದಳು. "ಆ ಮೂರು ಕಲ್ಲು ನೋಡಿ, ಕೂತು ಹರಟೆ ಹೊಡೆಯೋ ಹೆಂಗಸರ ಥರ ಇಲ್ವಾ? ಆವತ್ತೂ ನಾನು ಇದೇ ಮಾತು ಹೇಳಿದ್ದೆ."

"ಹೇಳಿದ್ದೆ" ಎಂದ. ಅವನಿಗೂ ನೆನಪಿತ್ತು.

ಎಪ್ಪತ್ತನೆಯ ಕಿಲೋಮೀಟರ್ ದಾಟಿದಾಗ ಎಂಜಿನ್ ಎದ್ದಿತು. ಮೂತಿಯೊಳಗಿನಿಂದ ಹಿಟ್ಟಿನ ಗಿರಣಿಯ ಹಾಗೆ ಒಂದೇ ಶ್ರುತಿಯ ಭೋರ್ಗರೆತ. ಗಾಡಿ ಚಲಿಸುತ್ತಿದ್ದಾಗ ವಾಸನೆ ಹಿಂದೆಯೇ ಉಳಿಯುತ್ತಿತ್ತು. ಆದರೆ ಆ ಎತ್ತರದ ತೆಳು ಗಾಳಿಯಲ್ಲಿ ಎಂಜಿನ್ನಿಗೂ ಅವಳಂತೆಯೇ ಉಸಿರು ಸಾಲುತ್ತಿರಲಿಲ್ಲ. ಅದು ಎಷ್ಟು ಅರಚಿದರೂ ಮೂರು ಟನ್ನನ್ನು ಏರಿಸಲು ಬೇಕಾದಷ್ಟು ಕರೆಂಟ್ ಹುಟ್ಟುತ್ತಿರಲಿಲ್ಲ; ಕೊರತೆಯನ್ನು ಗಾಡಿ ಬ್ಯಾಟರಿಯ ತಳದಿಂದ ಕೆರೆದುಕೊಳ್ಳುತ್ತಿತ್ತು. ವೇಗ ನಡೆಯುವ ಮನುಷ್ಯನಷ್ಟಾಯಿತು.

ಎಂಬತ್ತೈದನೆಯ ಕಿಲೋಮೀಟರಿನ ತಿರುವಿನಲ್ಲಿ, ಹಿಂದಿನ ಸೀಟಿನಿಂದ ಬರುತ್ತಿದ್ದ ಗುಂಯ್ ಸದ್ದು ನಿಂತು ಮೆಷಿನ್ ಕೀಂ ಕೀಂ ಎಂದು ಕೂಗಿತು. ಬ್ಯಾಟರಿ ಇಷ್ಟಕ್ಕಿಂತ ಕೆಳಗಿಳಿದರೆ ಗಾಡಿ ತನ್ನನ್ನು ಕಾಪಾಡಿಕೊಳ್ಳಲು ಹಿಂದಿನ ಸಾಕೆಟ್ಟನ್ನು ತಾನಾಗಿಯೇ ಬಂದ್ ಮಾಡುತ್ತದೆ ಎಂಬುದು ಸರ್ವೇಯರನಿಗೆ ಗೊತ್ತಾದದ್ದು ಆಗ. ಕೆಟಲಿನಲ್ಲಿ ನೀರು ಕುದಿಸಿ ತೋರಿಸಿದವನು ಇದನ್ನು ಹೇಳಿರಲಿಲ್ಲ. ನಾನೂರು ಪುಟದ ಪುಸ್ತಕದಲ್ಲಿ ಎಲ್ಲೋ ಬರೆದಿತ್ತೇನೋ, ಅವನು ಓದಿರಲಿಲ್ಲ.

ಗಾಡಿ ನಿಲ್ಲಿಸಿದ. ತುರ್ತಿಗೆಂದು ತಂದಿದ್ದ ಸಣ್ಣ ಸಿಲಿಂಡರನ್ನು ಬಿಚ್ಚಿ ಕೊಳವೆ ಸಿಕ್ಕಿಸಿದ. ಅವಳು ಎರಡು ಮೂರು ಸಲ ದೀರ್ಘವಾಗಿ ಎಳೆದುಕೊಂಡು ಕಣ್ಣು ತೆರೆದಳು.

"ನಾದಿನಿ ಯಾಕೆ ಮುನಿಸಿಕೊಂಡ್ಲು?"

"ಒಂದು ಗಂಟೆ ನಿಂತ್ರೆ ಸರಿಹೋಗುತ್ತೆ. ಎಂಜಿನ್ ಓಡಲಿ, ಬ್ಯಾಟರಿ ತುಂಬಲಿ."

ಆದರೆ ನಿಂತ ಗಾಡಿಯ ಎಂಜಿನ್ ಓಡಿದರೆ ವಾಸನೆಯೂ ಅಲ್ಲಿಯೇ ನಿಲ್ಲುತ್ತಿತ್ತು. ಐದು ನಿಮಿಷಕ್ಕೆ ಅವಳಿಗೆ ಕೆಮ್ಮು ಶುರುವಾಯಿತು. ಅವಳನ್ನು ಕೆಳಗಿಳಿಸಿ, ಗಾಳಿ ಬೀಸಿ ಬರುತ್ತಿದ್ದ ಕಡೆಗೆ ನಲವತ್ತು ಹೆಜ್ಜೆ ನಡೆಸಿ, ಒಂದು ಬಂಡೆಯ ಮೇಲೆ ಕೂರಿಸಿದ. ಕಂಬಳಿ ಹೊದಿಸಿದ. ತನ್ನ ಕೋಟನ್ನೂ ಬಿಚ್ಚಿ ಹೊದಿಸಿದ. ಆ ನಲವತ್ತು ಹೆಜ್ಜೆಗೆ ಅವಳು ಮೂರು ಸಲ ನಿಂತಿದ್ದಳು. ಸಿಲಿಂಡರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಅವನು ಗಾಡಿಗೆ ಹೋಗಿ ಅಂಕಿ ನೋಡುವುದು, ಬಂಡೆಗೆ ಬಂದು ಅವಳ ಮುಖ ನೋಡುವುದು, ಹೀಗೆ ಎಡತಾಕಿದ. ಅರ್ಧ ಗಂಟೆಯಲ್ಲಿ ಬ್ಯಾಟರಿ ನೂರಕ್ಕೆ ಐದರಷ್ಟು ಏರಿತು. ಸಿಲಿಂಡರಿನ ಮುಳ್ಳು ಕಾಲುಭಾಗ ಇಳಿಯಿತು.

ಹನ್ನೊಂದು ಕಿಲೋಮೀಟರ್ ಬಾಕಿ. ಅವನು ಕಿಸೆಯಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದು ನೋಡಿದ. ಹೀಗೆ ಇನ್ನೂ ಮೂರು ಕಡೆ ನಿಲ್ಲಬೇಕು. ನಡುವಿನ ದಾರಿಯೂ ಸೇರಿದರೆ ಸಿಲಿಂಡರ್ ಅಷ್ಟು ಬಾರದು. ಮೇಲೆ ತಲುಪಿದರೂ ಮೆಷಿನಿಗೆ ಕರೆಂಟ್ ಇರುತ್ತದೆಂಬ ಖಾತ್ರಿಯಿಲ್ಲ. ಇನ್ನೊಮ್ಮೆ ಕೂಡಿದ, ಇನ್ನೊಮ್ಮೆ ಕಳೆದ. ಉತ್ತರ ಬದಲಾಗಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ತಿಕ್ಕಿ ಒರೆಸಿಕೊಂಡು ಅವಳ ಹತ್ತಿರ ಬಂದ.

ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು. "ಎಷ್ಟು ದೂರ ಇದೆ?"

"ಹನ್ನೊಂದು."

"ಇಲ್ಲಿಂದ ಕಾಣುತ್ತಾ?"

"ಇಲ್ಲ. ಆ ಅಂಚು ಇದೆ ನೋಡು, ಕಪ್ಪಗೆ, ಅದರ ಆಚೆ. ಅಂಚಿನಲ್ಲಿ ಒಂದು ಕಚ್ಚು ಹಾಕಿದ ಹಾಗಿದೆಯಲ್ಲ, ಅದರಿಂದ ಸ್ವಲ್ಪ ಎಡಕ್ಕೆ. ಅಲ್ಲೇ ನೇರ."

ಅವನು ಅವಳ ಬೆನ್ನ ಹಿಂದೆ ಮಂಡಿಯೂರಿ, ಅವಳ ಕೈ ಹಿಡಿದೆತ್ತಿ, ಬೆರಳನ್ನು ಸರಿಯಾದ ದಿಕ್ಕಿಗೆ ತಿರುಗಿಸಿದ. ಅವನಿಗೆ ಆ ದಿಕ್ಕು ಡಿಗ್ರಿಯ ಲೆಕ್ಕದಲ್ಲಿ ಗೊತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು.

"ಜೀಪಿದ್ದಾಗಲೇ ಬರಬೇಕಿತ್ತು ರೀ" ಎಂದಳು. "ನಾನೇ ಕೇಳಲಿಲ್ಲ."

"ನಾನೂ ಕರೀಲಿಲ್ಲ."

"ನೀವು ಮರೆತಿದ್ದೀರಿ ಅಂದ್ಕೊಂಡಿದ್ದೆ."

ಅವನು ಅಲ್ಲ ಎಂದು ತಲೆಯಾಡಿಸಿದ. ಹಿಂದೆ ಕೂತಿದ್ದರಿಂದ ಅದು ಅವಳಿಗೆ ಕಾಣಲಿಲ್ಲ. ಆಗ ಅವನು ಹಣೆಯನ್ನು ಅವಳ ಭುಜಕ್ಕೆ ಒತ್ತಿದ. ಅವಳು ಕೈ ಹಿಂದೆ ಚಾಚಿ ಅವನ ತಲೆ ಸವರಿದಳು.

"ಸಾಕು. ತಿರುಗಿಸಿ" ಎಂದಳು. "ನಿಮ್ಮ ಗಾಡಿ ಮೇಲೆ ಸಿಟ್ಟು ಮಾಡ್ಕೋಬೇಡಿ. ಅದಕ್ಕೂ ನನ್ನ ಥರಾನೇ ಎದೆ ಸಾಲದು."

ಇಳಿಯುವಾಗ ಎಲ್ಲವೂ ಸರಿಯಾಯಿತು. ಅದನ್ನೇ ಸರ್ವೇಯರನಿಗೆ ಮುಂದೆ ಎಷ್ಟು ದಿನವಾದರೂ ನುಂಗಲಾಗಲಿಲ್ಲ. ಇಳಿಜಾರಿನಲ್ಲಿ ಚಕ್ರಗಳೇ ಕರೆಂಟ್ ತಯಾರಿಸಿ ಬ್ಯಾಟರಿಗೆ ತುಂಬಿದವು. ಎಂಜಿನ್ ತಾನಾಗಿ ಆರಿತು. ಏಳೆಂಟು ಕಿಲೋಮೀಟರ್ ಇಳಿದಿರಲಿಲ್ಲ, ಹಿಂದಿನ ಸಾಕೆಟ್ಟಿಗೆ ಜೀವ ಬಂದು ನಾದಿನಿ ಮತ್ತೆ ಗೊಣಗತೊಡಗಿತು. ಗಾಡಿ ಸದ್ದಿಲ್ಲದೆ, ವಾಸನೆಯಿಲ್ಲದೆ, ಬೆಚ್ಚಗೆ, ಷೋರೂಮಿನಲ್ಲಿ ಹೇಳಿದ ಹಾಗೆಯೇ ಓಡಿತು. ಅವಳು ಸೀಟಿಗೆ ಒರಗಿ ನಿದ್ದೆ ಹೋದಳು. ಅವನು ಕಣ್ಣೀರು ಒರೆಸಿಕೊಳ್ಳಲು ಎರಡು ಕಡೆ ಗಾಡಿ ನಿಲ್ಲಿಸಿದ. ಅವಳಿಗೆ ಎಚ್ಚರವಾಗಲಿಲ್ಲ, ಇಲ್ಲವೇ ಎಚ್ಚರವಾದದ್ದನ್ನು ತೋರಿಸಿಕೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ಬಾಮೈದ ಎಲ್ಲವನ್ನೂ ಕೇಳಿಸಿಕೊಂಡ. 'ನಾನು ಹೇಳಿರಲಿಲ್ವಾ' ಎನ್ನಲಿಲ್ಲ. ಗಾಡಿಯೊಳಗೆ ಕೂತು, ಪರದೆಯ ಮೇಲೆ ಒಂದಾದ ಮೇಲೊಂದು ಪುಟ ಸರಿಸಿ, ಕೊನೆಗೆ ಒಂದು ಗುಂಡಿ ತೋರಿಸಿದ. "ಇದನ್ನ ಒತ್ತಿದ್ರೆ ಮೊದಲಿನಿಂದ್ಲೇ ಎಂಜಿನ್ ಓಡುತ್ತೆ ಭಾವ. ಬ್ಯಾಟರಿ ಉಳಿಯುತ್ತೆ. ಬಯಲಲ್ಲಿ ಪೆಟ್ರೋಲ್ ಸುಟ್ಟು, ಬ್ಯಾಟರೀನ ಏರಿಗೆ ಇಟ್ಕೋಬೇಕಿತ್ತು. ಓಡೋ ಗಾಡೀಲಿ ಅಕ್ಕನಿಗೆ ವಾಸನೇನೂ ಬರ್ತಿರಲಿಲ್ಲ."

ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಅವನಿಗೆ ಅನ್ನಿಸಿತು. ಸರ್ವೇಯರ್ ಆ ಗುಂಡಿಯನ್ನು ನೋಡುತ್ತ ನಿಂತಿದ್ದ. ಅವಳಿಗೆ ವಾಸನೆ ತಾಗದಿರಲಿ ಎಂದು ಎಂಜಿನ್ನನ್ನು ಆದಷ್ಟು ಹೊತ್ತು ಮಲಗಿಸಿಟ್ಟದ್ದು ಅವನೇ.

ಚಳಿ ಬೀಳುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದರು. ಮಾತಿಗೆ ಉಸಿರು ಸಾಲದೆ ತುಂಡು ತುಂಡಾಗಿ ಆಡುತ್ತಿದ್ದಳು. ಒಂದು ಮಧ್ಯಾಹ್ನ ಅವನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಗ ಚಮಚವನ್ನು ಕೈಯಿಂದ ತಡೆದಳು.

"ನೀವೊಬ್ಬರೇ ಹೋಗಿ ಬನ್ನಿ."

"ಎಲ್ಲಿಗೆ?"

"ಗುಬ್ಬಿ ಹತ್ರ. ದಾರಿ ಮುಚ್ಚೋಕೆ ಮುಂಚೆ. ಮೂರು ದಿನ ತಾನೇ. ತಮ್ಮ ಇರ್ತಾನೆ ನನ್ನ ಜೊತೆ." ಉಸಿರು ಕೂಡಿಸಿಕೊಂಡು ಮುಂದುವರಿಸಿದಳು. "ಹೋಗಿ ನೋಡಿ ಬಂದು ನನಗೆ ಹೇಳಿ. ಹೇಗಿದೆ ಅಂತ. ಕಲ್ಲು ಹಾಗೇ ಇದೆಯಾ ಅಂತ."

"ನಿನ್ನನ್ನ ಈ ಸ್ಥಿತೀಲಿ ಬಿಟ್ಟು ಹೋಗ್ತೀನಾ? ಹುಚ್ಚಾ ನಿನಗೆ?"

"ನಾನೇ ಕಳಿಸ್ತಿದ್ದೀನಲ್ಲ ರೀ."

"ಸುಮ್ನೆ ಗಂಜಿ ಕುಡಿ. ಬೇಸಿಗೆ ಬರಲಿ, ಇಬ್ಬರೂ ಹೋಗೋಣ."

ಅವಳು ಅವನ ಮುಖ ನೋಡಿದಳು. ಬೇಸಿಗೆಯ ಮಾತು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಹಟ ಮಾಡಲಿಲ್ಲ. ಬಾಯಿ ತೆರೆದು ಗಂಜಿ ಕುಡಿದಳು. ಮಾರನೆಯ ದಿನ ಮತ್ತೆ ಆ ವಿಷಯ ಎತ್ತಲಿಲ್ಲ. ಎತ್ತಲಿ, ಇನ್ನೊಂದು ಸಲ ಹೇಳಲಿ, ಹೋಗಿಬಿಡುತ್ತೇನೆ ಎಂದು ಅವನು ಒಳಗೊಳಗೇ ಕಾದ. ಇದ್ದ ಅಭ್ಯಾಸವೇ ಅದು, ಕಾಯುವುದು. ಹದಿನೇಳನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ತಮ್ಮ ತಂದ ಹೊಸ ದಿಂಬನ್ನು ಬೆನ್ನಿಗೆ ಕೊಡುತ್ತಿದ್ದಾಗಲೇ ಅವಳು ಹೋಗಿಬಿಟ್ಟಳು. ಮೆಷಿನನ್ನು ಆರಿಸಬೇಕೆಂದು ಸ್ವಲ್ಪ ಹೊತ್ತು ಯಾರಿಗೂ ಹೊಳೆಯಲಿಲ್ಲ.

ಹಿಮ ಕರಗಿ ದಾರಿ ತೆರೆದಿದೆ ಎಂದು ತಿಳಿದ ವಾರವೇ ಸರ್ವೇಯರ್ ಹೊರಟ. ಬಾಮೈದ ಜೊತೆಗೆ ಬರುತ್ತೇನೆಂದ, ಬೇಡವೆಂದ. ಅದೇ ಗಾಡಿ. ಬುಡದ ಊರಿನಿಂದಲೇ ಆ ಗುಂಡಿ ಒತ್ತಿದ. ಸೇತುವೆಯನ್ನು ಅಷ್ಟರಲ್ಲಿ ಗಟ್ಟಿ ಮಾಡಿದ್ದರು, ಸುತ್ತು ದಾರಿ ಬೇಕಾಗಲಿಲ್ಲ. ಎಂಜಿನ್ ದಾರಿಯುದ್ದಕ್ಕೂ ಅರಚಿತು, ಪೆಟ್ರೋಲ್ ಕುಡಿಯಿತು. ಹೀಟರ್ ಹಾಕಲಿಲ್ಲ, ಹಿಂದಿನ ಸಾಕೆಟ್ಟಿಗೆ ಸಿಕ್ಕಿಸಬೇಕಾದದ್ದು ಏನೂ ಇರಲಿಲ್ಲ. ಆ ಬಂಡೆಯ ತಿರುವಿನಲ್ಲಿ ಅವನು ನಿಲ್ಲಿಸಲಿಲ್ಲ, ಅತ್ತ ತಿರುಗಿಯೂ ನೋಡಲಿಲ್ಲ. ಗಾಡಿ ಹನ್ನೊಂದು ಕಿಲೋಮೀಟರನ್ನು ನಲವತ್ತು ನಿಮಿಷದಲ್ಲಿ ಹತ್ತಿ, ಬಯಲಿನ ಮೇಲೆ ತಂದು ನಿಲ್ಲಿಸಿತು.

ಮೂರನೆಯ ದಿನ ಸಂಜೆ ನೇರವಾಗಿ ಗ್ಯಾರೇಜಿಗೆ ಬಂದ. ಬಾಮೈದ ಲಾರಿಯೊಂದರ ಚಕ್ರ ಬಿಚ್ಚುತ್ತಿದ್ದ. ಪಾನಾ ಕೆಳಗಿಟ್ಟು, ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಮುರುಕು ಸೀಟೊಂದನ್ನು ಎಳೆದು ಭಾವನನ್ನು ಕೂರಿಸಿದ. ಹದಿನಾರು ವರ್ಷದವನಿದ್ದಾಗ ಶಾಲೆಯ ರಜೆಯಲ್ಲಿ ಆ ಕ್ಯಾಂಪಿಗೆ ಹೋಗಿ, ಕೂಸನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದವನು ಅವನು. ಗುಬ್ಬಿಯನ್ನು ಕಣ್ಣಾರೆ ಕಂಡವರು ಈಗ ಇವರಿಬ್ಬರೇ.

"ಹೇಳಿ ಭಾವ" ಎಂದ.

ಸರ್ವೇಯರ್ ಹೇಳಿದ. ಅವಳಿಗೆ ಹೇಗೆ ಹೇಳುತ್ತಿದ್ದನೋ ಹಾಗೆಯೇ, ಒಂದನ್ನೂ ಬಿಡದೆ ಹೇಳಿದ. ತಗಡಿನ ಮನೆಗಳಿಲ್ಲ, ಒಲೆಯ ಕಲ್ಲುಗಳು ಮಾತ್ರ ಇವೆ. ತಿಟ್ಟು ಹಾಗೆಯೇ ಇದೆ, ಅಲ್ಲಿ ಗಾಳಿ ಬೀಸುವುದಿಲ್ಲ. ಕಲ್ಲಿನ ರಾಶಿ ಒಂದು ಕಡೆ ಜಾರಿತ್ತು, ಕುರಿಗಳು ಹತ್ತಿರಬೇಕು. ಸುತ್ತ ಗಿಡ್ಡ ಹುಲ್ಲು ಬಂದಿದೆ, ಅದರಲ್ಲಿ ಗುಂಡುಸೂಜಿ ತಲೆಯಷ್ಟು ಹಳದಿ ಹೂ. ಜಾರಿದ ಕಲ್ಲುಗಳನ್ನೆಲ್ಲ ಎತ್ತಿ ಜೋಡಿಸಿದೆ. ಸೊಂಟ ಹಿಡಿದುಕೊಂಡಿತು, ಕೂತು ಕೂತು ಜೋಡಿಸಿದೆ. ಬೆಳಕು ಚೆನ್ನಾಗಿತ್ತು. ಮಧ್ಯಾಹ್ನದವರೆಗೂ ಅಲ್ಲೇ ಇದ್ದೆ.

ಬಾಮೈದ ನೆಲ ನೋಡುತ್ತ ಕೇಳುತ್ತಿದ್ದ.

"ಅಕ್ಕ ಹೋದ ವಿಷಯ... ಅಲ್ಲಿ ಹೇಳಿದ್ರಾ?"

"ಹೇಳಿದೆ."

"ಏನಂತ?"

"'ನಿಮ್ಮಮ್ಮ ಹನ್ನೊಂದು ಕಿಲೋಮೀಟರ್ ಹತ್ತಿರದವರೆಗೂ ಬಂದಿದ್ಲು' ಅಂದೆ. ಅದಕ್ಕಿಂತ ಹೆಚ್ಚಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಬಾಮೈದ ಎಣ್ಣೆ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತ. ಸರ್ವೇಯರ್ ಅವನ ಬೆನ್ನ ಮೇಲೆ ಕೈಯಿಟ್ಟು ಕೂತ. ಆಮೇಲೆ ಇಬ್ಬರೂ ಎದ್ದು, ಬಿಚ್ಚಿದ ಚಕ್ರವನ್ನು ಒಳಗೆ ಉರುಳಿಸಿ, ಶಟರ್ ಎಳೆದು, ಊಟಕ್ಕೆ ಬಾಮೈದನ ಮನೆಗೆ ನಡೆದುಕೊಂಡೇ ಹೋದರು.